ಬೌರೊ ಮಾವನ ಬಾವಿಯನ್ನು ಕೇಳಿ ಪಡೆದವರು

ಪಡುವಣ ಗಾಳಿಯ ತಿಂಗಳುಗಳು ಬಂದಿವೆ. ಹೊರಗಡಲಿಗೆ ಹೋಗಲಾರದ ದೋಣಿಗಳು ದಡದ ಮೇಲೆ ತೆಂಗಿನ ಗರಿ ಹೊದ್ದು ಮಲಗಿವೆ. ಸಂಜೆಯ ನೀರಾ ಇಳಿಸಲು ಮರ ಹತ್ತಿದ ಗಂಡಸರು ಗಾಳಿಗೆ ತೂಗುತ್ತಲೇ ಎಂದಿನಂತೆ ಹಾಡುತ್ತಿದ್ದಾರೆ. ಅವರ ಹಾಡಿನ ಕೆಳಗೆ, ಬಿಕೆರಾಯ್ ಊರಿನ ಒಂದು ಅಡುಗೆ ಚಪ್ಪರದಲ್ಲಿ, ನಿವೃತ್ತರಾಗಿ ಆಗಲೇ ಒಂದು ಋತು ಕಳೆದಿದ್ದರೂ ನೇಯ್ ಟೆಬೊರಾ ಅವರು ಬೆರಳುದ್ದದ ಗಾಜಿನ ಬಾಟಲಿಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಒಂದೊಂದಾಗಿ ಬಿಳಿಯ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಾರೆ. ಕೈ ಮೊದಲಿನಷ್ಟು ಚುರುಕಾಗಿಲ್ಲ. ಬೆನ್ನು ಬಗ್ಗಿದರೆ ಏಳುವುದಕ್ಕೆ ಕಂಬ ಹಿಡಿಯಬೇಕು. ಆದರೂ ನಾಳೆ ಊರಿನ ಬಾವಿಗಳ ಸುತ್ತು ಬರಬೇಕು, ಮತ್ತು ಅದಕ್ಕೆ ಬಾಟಲಿ ಇವತ್ತೇ ಒಣಗಬೇಕು.

ಪೆಸಿಫಿಕ್ ಕಡಲ ನಡುವಿನ ನಮ್ಮ ಕಿರಿಬಾಸ್ ನಾಡಿನ ಕುಡಿಯುವ ನೀರಿನ ಚರಿತ್ರೆಯನ್ನು ಮುಂದೆಂದಾದರೂ ಯಾರಾದರೂ ಬರೆದರೆ, ಹಡಗಿನಲ್ಲಿ ಬಂದು ಹೋದ ತಜ್ಞರ ಹೆಸರೂ, ಕೊಳವೆ ಹಾಕಿಸಿಕೊಟ್ಟ ದೇಶಗಳ ಹೆಸರೂ ಅದರ ಮೊದಲ ಪುಟಗಳಲ್ಲಿ ಬರುವುದು ಸಹಜ. ಆದರೆ ಹೊಳೆಯಿಲ್ಲದ, ಗುಡ್ಡವಿಲ್ಲದ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಕೂಗಿದರೆ ಕೇಳುವಷ್ಟೇ ಅಗಲದ ಈ ನೆಲದಲ್ಲಿ, ಮರಳಿನೊಳಗೆ ಇಳಿದ ಮಳೆಯ ನೀರು ಉಪ್ಪುನೀರಿನ ಮೇಲೆ ಕೆನೆಯಂತೆ ತೇಲಿಕೊಂಡಿರುವ ನಮ್ಮಲ್ಲಿ, ಆ ಕೆನೆ ಕೆಡದಂತೆ ಊರೂರು ತಿರುಗಿ, ಬಾವಿ ಬಾವಿಯ ಬಾಯಿಗೆ ಬಗ್ಗಿ ನೋಡಿ ಬದುಕು ಸವೆಸಿದವರು ಯಾರೆಂದು ಕೇಳಿದರೆ ಹೇಳಬೇಕಾದ ಮೊದಲ ಹೆಸರು ನೇಯ್ ಟೆಬೊರಾ ಅವರದು. (ನೇಯ್ ಎನ್ನುವುದು ಹೆಂಗಸರ ಹೆಸರಿನ ಮುಂದೆ ನಾವು ಗೌರವಕ್ಕೆ ಸೇರಿಸುವ ಮಾತು.) ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ ಅವರ ಸಾಧನೆಗಳನ್ನು ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಅವರ ಸೇವೆಯ ಉದ್ದಕ್ಕೂ ಅವರ ಬೆನ್ನಿಗಂಟಿಕೊಂಡು ಬಂದ ಒಂದೇ ಒಂದು ಬಾವಿಯ ವಿಷಯ.

ಬಿಕೆರಾಯ್‌ನಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ಫಿಜಿಯಲ್ಲಿ ನೀರು ಪರೀಕ್ಷೆಯ ತರಬೇತಿ ಮುಗಿಸಿ ಬಂದ ಟೆಬೊರಾ ಅವರು ಸರ್ಕಾರದ ನೀರಿನ ಇಲಾಖೆಗೆ ಸೇರಿದಾಗ ಅವರ ಕೈಗೆ ಬಂದದ್ದು ಈ ಬಾಟಲಿಗಳೇ. ಒಳಗೆ ಔಷಧಿ ಹೀರಿ ಒಣಗಿದ ಕಾಗದದ ಚೂರೊಂದಿರುತ್ತದೆ. ಬಾವಿಯ ನೀರು ತುಂಬಿ, ಮುಚ್ಚಿ, ಮೂರು ದಿನ ನೆರಳಿನಲ್ಲಿಡಬೇಕು. ನೀರು ತಿಳಿಯಾಗಿಯೇ ಉಳಿದರೆ ಸದ್ಯಕ್ಕೆ ಭಯವಿಲ್ಲ. ಕಪ್ಪಾದರೆ ಹೊಲಸು ಸೇರಿದೆ ಎಂದು ಅರ್ಥ. ಆ ಕಾಲದಲ್ಲಿ ಕಪ್ಪಾದ ಬಾವಿಗೆ ಹಾಡುಹಗಲಿನಲ್ಲಿ ಎಲ್ಲರೆದುರು ಕೆಂಪು ಬಣ್ಣ ಬಳಿದು ಬರುವುದು ಇಲಾಖೆಯ ಪದ್ಧತಿಯಾಗಿತ್ತು. ದೋಣಿ ದಡ ಬಿಡುವಷ್ಟರಲ್ಲಿ ಆ ಮನೆಯ ಹೆಂಗಸು ಹವಳದ ಕಲ್ಲು ತಂದು ಬಣ್ಣವನ್ನು ಕೆರೆದು ತೆಗೆದು, ನೋಡುವವರು ನೋಡಲೆಂದೇ ಅದೇ ಬಾವಿಯಿಂದ ಒಂದು ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು. ಹೊಲಸು ಎಂದದ್ದು ನೀರಿಗೆ, ಕೇಳಿಸಿಕೊಂಡದ್ದು ಮನೆತನ.

ಇದನ್ನು ಕಂಡ ಟೆಬೊರಾ ಅವರು ಬಣ್ಣದ ಡಬ್ಬಿಯನ್ನು ದೋಣಿಯಿಂದ ಕೆಳಗಿಳಿಸುವುದನ್ನೇ ಬಿಟ್ಟರು. ಕಪ್ಪಾದ ಬಾಟಲಿಯನ್ನು ತಮ್ಮ ಸೊಂಟದ ಬಟ್ಟೆಯಲ್ಲಿ ಸುತ್ತಿಕೊಂಡು, ಮನೆಯ ಹಿಂದಿನಿಂದ ಅಡುಗೆ ಚಪ್ಪರಕ್ಕೆ ಹೋಗಿ, ಆ ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತು, ಒಲೆಗೆ ಎರಡು ತೆಂಗಿನ ಸಿಪ್ಪೆ ನೂಕಿ, ಅದೂ ಇದೂ ಮಾತಾಡಿ, ಕೊನೆಗೆ ಬಟ್ಟೆ ಬಿಚ್ಚಿ ತೋರಿಸುವರು. ಮುಂದಿನದು ಆಕೆಯ ಕೈಯಲ್ಲಿ. ಗಂಡನಿಗೆ ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದು ಆಕೆಗೇ ಗೊತ್ತು. ಮುಂದಿನ ಸಲ ಹೋಗುವಷ್ಟರಲ್ಲಿ ಹಂದಿಯ ಗೂಟ ದೂರ ಹೋಗಿರುತ್ತಿತ್ತು, ನೀರು ಕುದಿಸುವ ಒಲೆ ಹೊಸದಾಗಿರುತ್ತಿತ್ತು, ಮತ್ತು ಯಾರೂ ಯಾರಿಗೂ ಏನೂ ಹೇಳಿದಂತಿರುತ್ತಿರಲಿಲ್ಲ.

ಎಲ್ಲ ಸಲವೂ ಹೀಗೆ ನಡೆಯಿತೆಂದಲ್ಲ. ಒಂದು ದ್ವೀಪದಲ್ಲಿ ಬಹಳ ಓಡಾಡಿ ಬಾವಿಗಳಿಗೆಲ್ಲ ಸಿಮೆಂಟಿನ ಚಪ್ಪಟೆ ಮುಚ್ಚಳ ಹಾಕಿಸಿ, ಕೈಪಂಪು ಕೂರಿಸಿ ಬಂದರು. ಋತು ತಿರುಗಿದ ಮೇಲೆ ಹೋಗಿ ನೋಡಿದರೆ ಬಾಟಲಿಗಳೆಲ್ಲ ಕಪ್ಪು. ಬಿಸಿಲಿಗೆ ಕಾದ ಆ ಚಪ್ಪಟೆ ಮುಚ್ಚಳದಷ್ಟು ಒಳ್ಳೆಯ ಜಾಗ ಊರಿನಲ್ಲಿ ಬೇರೆಲ್ಲೂ ಇರಲಿಲ್ಲವಾದ್ದರಿಂದ ಊರವರು ಅದರ ಮೇಲೆ ಮೀನು ಸೀಳಿ, ತೊಳೆದು, ಒಣಹಾಕುತ್ತಿದ್ದರು. ತೊಳೆದ ನೀರು ಪಂಪಿನ ಸಂದಿಯಿಂದ ನೇರ ಬಾವಿಗೆ ಇಳಿಯುತ್ತಿತ್ತು.

“ನೀವು ಕೊಟ್ಟ ಮುಚ್ಚಳ ಭಾಳ ಚೆನ್ನಾಗಿದೆ ಅಕ್ಕ,” ಎಂದಳು ಒಬ್ಬಾಕೆ. “ಮೊದಲೆಲ್ಲ ಮೀನು ಒಣಗೋಕೆ ಎಷ್ಟೊತ್ತು ಹಿಡೀತಿತ್ತು. ಇನ್ನೊಂದು ಸ್ವಲ್ಪ ದೊಡ್ಡದು ಮಾಡಿಸಿಕೊಡ್ತೀರಾ?”

ಟೆಬೊರಾ ಅವರು ಅಲ್ಲೇ ಮರಳಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರೆಂದು ಜೊತೆಗಿದ್ದವರು ಈಗಲೂ ಹೇಳುತ್ತಾರೆ. ಅಂದಿನಿಂದ ಅವರು ಹಾಕಿಸಿದ ಮುಚ್ಚಳಗಳೆಲ್ಲ ಆಮೆಯ ಬೆನ್ನಿನಂತೆ ಉಬ್ಬಿ, ಎಲ್ಲ ಕಡೆಗೂ ಇಳಿಜಾರಾಗಿವೆ. ಅವುಗಳ ಮೇಲೆ ಮೀನೂ ನಿಲ್ಲದು, ಬಟ್ಟೆಯೂ ನಿಲ್ಲದು. ನೀರಿನ ಕೆಲಸ ಒಮ್ಮೆ ಮುಗಿಸಿ ಕೈತೊಳೆಯುವಂಥದಲ್ಲ, ಇವತ್ತು ತಿಳಿಯಾದದ್ದು ನಾಳೆಯೂ ತಿಳಿಯಾಗಿರುತ್ತದೆಂದು ಬರೆದುಕೊಟ್ಟವರಿಲ್ಲ ಎನ್ನುವ ದಣಿವು ಅವರ ಮುಖದಲ್ಲಿ ಕಾಣತೊಡಗಿದ್ದು ಆ ಸುತ್ತಿನ ನಂತರವೇ.

ಊರೂರ ಬಾವಿ ನೋಡಿದವರು ಹುಟ್ಟಿದೂರಿನ ಬಾವಿಗೆ ಮಾತ್ರ ಸಹೋದ್ಯೋಗಿಗಳನ್ನೇ ಕಳಿಸುತ್ತ ಬಂದರು. ಕಾರಣವಿತ್ತು. ಬಿಕೆರಾಯ್‌ನ ಆ ಬಾವಿ ಅವರ ಸೋದರಮಾವ ಬೌರೊ ಅವರದು. ಬೌರೊ ತಮ್ಮ ತಂದೆಯ ಜೊತೆ ನಿಂತು ಅಗೆದದ್ದು. ಬಾವಿಗೂ ಮನೆಗೂ ನಡುವೆ, ನಮ್ಮಲ್ಲಿ ಎಲ್ಲರೂ ಮಾಡುವಂತೆ ಮನೆಯವರ ಕಣ್ಣಳತೆಯಲ್ಲೇ, ಬಿಳಿಯ ಹವಳದ ಕಲ್ಲುಗಳ ಅಂಚಿನೊಳಗೆ ಟೆಬೊರಾ ಅವರ ತಾಯಿಯನ್ನು ಮಣ್ಣು ಮಾಡಿದ್ದರು. ಗಾಳಿ ಬರುವ ಕಡೆಗೆ ಹಂದಿಯ ಗೂಡು. ಬೇಲಿಯಾಚೆ ನೆರೆಮನೆಯ ಪಾಯಿಖಾನೆ. ಒಂದು ವರ್ಷ ಮಳೆ ಕೈಕೊಟ್ಟು ಬಾವಿಗಳು ತಗ್ಗಿದಾಗ ಆ ಓಣಿಯ ಮಕ್ಕಳಿಗೆಲ್ಲ ಭೇದಿ ಹತ್ತಿತು. ಬೌರೊ ಅವರ ಮಗನ ಹೆಂಡತಿ ಮೇರೆ ಎಂಬಾಕೆಯ ಮಗುವನ್ನು ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಗು ಉಳಿಯಿತು. ಬಿಕೆರಾಯ್‌ಗೆ ಟೆಬೊರಾ ಅವರೇ ಹೊರಟರು.

ಬಾಟಲಿ ಗಡುವಿಗೆ ಮುಂಚೆಯೇ ಮಸಿಯಂತಾಯಿತು. ಬಟ್ಟೆಯಲ್ಲಿ ಸುತ್ತಿ ಅಡುಗೆ ಚಪ್ಪರಕ್ಕೆ ಹೋದರೆ ಹೇಳುವುದು ಯಾರಿಗೆ? ತಾಯಿ ಹೋಗಿದ್ದರು, ಅತ್ತೆಯೂ ಹೋಗಿದ್ದರು. ಆ ಮನೆಯ ಹೆಂಗಸರಲ್ಲಿ ಹಿರಿಯರೆಂದರೆ ಈಗ ಸ್ವತಃ ಟೆಬೊರಾ ಅವರೇ. ಕಂಡವರಿಗೆಲ್ಲ ಒದಗಿದ ಆ ಹಿಂಬಾಗಿಲು ಅವರ ಪಾಲಿಗೆ ಇರಲಿಲ್ಲ. ಮುಂಬಾಗಿಲಿನಲ್ಲಿ ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದ ಮಾವನ ಎದುರಿಗೇ ಹೋಗಿ ಬಟ್ಟೆ ಬಿಚ್ಚಿದರು.

ಬೌರೊ ನಾರು ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಇದು ನಮ್ಮ ನೀರೋ, ನಿಮ್ಮ ಆಫೀಸಿನ ನೀರೋ?”

“ನಮ್ಮದೇ ಮಾವ.”

“ಈ ನೀರು ಕುಡಿದೇ ನಿಮ್ಮವ್ವ ನಿನ್ನ ಹೆತ್ತಳು. ಈಗ ಅದರ ಪಕ್ಕದಲ್ಲೇ ಮಲಗಿದಾಳೆ. ಅವಳೇ ನೀರು ಕೆಡಿಸಿದಳು ಅಂತ ಹೇಳೋಕೆ ದೋಣಿ ಮಾಡ್ಕೊಂಡು ಬಂದೆಯಾ ಮಗಳೇ?”

ಹಂದಿಯ ವಿಷಯ ಹೇಳಿದರು, ಪಾಯಿಖಾನೆಯ ವಿಷಯ ಹೇಳಿದರು, ನೀರು ಮರಳಿನೊಳಗೆ ಹೇಗೆ ಹರಿದಾಡುತ್ತದೆಂದು ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದರು. ಹಂದಿಯನ್ನು ಬೇಕಾದರೆ ಆಚೆ ಕಟ್ಟುತ್ತೇನೆಂದು ಬೌರೊ ಒಪ್ಪಿದರು. ಬಾವಿ ಮುಚ್ಚುವ ಮಾತಿಗೆ ಮಾತ್ರ ಎದ್ದು ಹೋದರು. ಆದರೆ ಅಷ್ಟೆಲ್ಲದರ ನಡುವೆ ಇಕ್ಕಟ್ಟಿನಲ್ಲಿ ಕೂತ ಬಾವಿಗೆ ಹಂದಿಯೊಂದು ದೂರ ಹೋದರೆ ಸಾಲದೆಂದು ಟೆಬೊರಾ ಅವರಿಗೆ ಗೊತ್ತಿತ್ತು. ಮೇರೆಯ ಮಗು ಇನ್ನೂ ನೆಟ್ಟಗೆ ನಿಲ್ಲಲಾರದೆ ತಾಯಿಯ ಸೊಂಟದ ಮೇಲೇ ಇತ್ತು.

ಇಲಾಖೆಯ ಕೆಲಸಕ್ಕೆ ಬುಬುಸಿ ಕೇಳಬಾರದು ಎನ್ನುವುದು ಟೆಬೊರಾ ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆ. ಬುಬುಸಿ ಎಂದು ಬಾಯಿಬಿಟ್ಟು ಕೇಳಿದವರಿಗೆ ಇಲ್ಲವೆಂದವನು ನಮ್ಮ ಊರುಗಳಲ್ಲಿ ತಲೆಯೆತ್ತಿ ಕೂರಲಾರ. ಕೇಳಿ ಪಡೆದವರೂ ಮುಂದೆ ಅವನು ಏನು ಕೇಳಿದರೂ ಕೊಡಲು ಸಿದ್ಧರಿರಬೇಕು. ಸರ್ಕಾರದ ಚೀಲ ಹೆಗಲಿಗೆ ಹಾಕಿಕೊಂಡವರು ಬುಬುಸಿಯನ್ನು ಬಳಸಿದರೆ ಅದು ಕೇಳಿದಂತಲ್ಲ, ಕಿತ್ತುಕೊಂಡಂತೆ ಎಂದು ಕಿರಿಯರಿಗೆ ಅವರೇ ಹೇಳಿಕೊಟ್ಟಿದ್ದರು. ಆ ಭಾನುವಾರ ಪ್ರಾರ್ಥನೆ ಮುಗಿದು ಊರೆಲ್ಲ ಚಾವಡಿಯಲ್ಲಿ ತಂತಮ್ಮ ಮನೆತನದ ಜಾಗದಲ್ಲಿ ಕೂತಿದ್ದಾಗ, ಚೀಲವನ್ನು ಹೊರಗೆ ಬಿಟ್ಟು ಬಂದು, ಮಾವನ ಎದುರು ಮಂಡಿಯೂರಿ ಕೂತರು.

“ಮಾವ, ಒಂದು ಬುಬುಸಿ. ನಿನ್ನ ಬಾವಿ ನನಗೆ ಕೊಡು.”

“ಚೀಲ ಯಾಕೆ ಹೊರಗಿಟ್ಟಳು? ಬಾವಿ ಹಾಕ್ಕೊಂಡು ಹೋಗೋಕೆ ಬೇಕಲ್ಲ,” ಎಂದು ಹಿಂದಿನಿಂದ ಯಾರೋ ಅಂದರು, ಒಂದಷ್ಟು ಜನ ನಕ್ಕರು. ಬೌರೊ ನಗಲಿಲ್ಲ. ಸೊಸೆಯ ಸೊಂಟದ ಮೇಲಿದ್ದ ಮಗುವಿನ ಕಡೆಗೊಮ್ಮೆ ನೋಡಿ, “ತಗೋ,” ಎಂದರು.

ಆಮೆಯ ಬೆನ್ನಿನ ಮುಚ್ಚಳ ಬಂತು, ಬಾವಿ ಮುಚ್ಚಿತು, ಮಕ್ಕಳ ಭೇದಿ ನಿಂತಿತು. ಇಲಾಖೆಯ ವರದಿ ಅಲ್ಲಿಗೆ ಮುಗಿಯುತ್ತದೆ. ಟೆಬೊರಾ ಅವರಿಗೆ ಮಾತ್ರ ಅಲ್ಲಿಂದ ಶುರುವಾಯಿತು. ಮಾವ ಇವತ್ತು ಕೇಳಿಯಾರು, ಮುಂದಿನ ಹಬ್ಬಕ್ಕೆ ಕೇಳಿಯಾರು ಎಂದು ಅವರು ಪ್ರತಿ ಸಲ ಊರಿಗೆ ಹೋದಾಗಲೂ ಕಾದರು. ಕೇಳಿಬಿಟ್ಟಿದ್ದರೆ ಹಗುರವಾಗುತ್ತಿತ್ತು. ಬೌರೊ ಚಾಪೆ ಹಾಸಿದರು, ನೀರಾ ಕೊಟ್ಟರು, ಯೋಗಕ್ಷೇಮ ವಿಚಾರಿಸಿದರು, ಕೇಳಲಿಲ್ಲ.

ಊರಿನ ಬಡಗಣ ತುದಿಯಲ್ಲಿ, ಮನೆಗಳು ಮುಗಿದು ತೆಂಗಿನ ತೋಪು ಮಾತ್ರ ಉಳಿಯುವಲ್ಲಿ, ಬಾಟಲಿ ಕಪ್ಪಾಗದ ಬಾವಿಯೊಂದಿದೆ. ಬೌರೊ ಅವರ ಮನೆಗೆ ಅಲ್ಲಿಂದಲೇ ನೀರು ಬರಬೇಕಾಯಿತು. ಗಳುವಿನ ಎರಡು ತುದಿಗೆ ಡಬ್ಬ ತೂಗುಹಾಕಿ ಹೊತ್ತು ತರುತ್ತಿದ್ದವಳು ಮೇರೆ. ಆ ಮನೆಗೊಂದು ತಗಡಿನ ಚಾವಣಿಯನ್ನೂ ಮಳೆನೀರಿನ ತೊಟ್ಟಿಯನ್ನೂ ಕೊಡಿಸಬೇಕೆಂದು ಟೆಬೊರಾ ಅವರ ಮನಸ್ಸಿನಲ್ಲಿ ಇರದ ದಿನವಿರಲಿಲ್ಲ. ತೊಟ್ಟಿಗಳು ಬಂದಾಗ ಹಂಚುವ ಅಧಿಕಾರವೂ ಅವರದೇ ಆಗಿತ್ತು. ಎರಡು ಸಲ ಬಿಕೆರಾಯ್‌ನ ಸರದಿ ಬಂತು. ಒಂದು ಸಲ ಪಕ್ಕದೂರಿನ ಹೆರಿಗೆ ಮನೆಗೆ ಕೊಟ್ಟರು, ಇನ್ನೊಂದು ಸಲ ಶಾಲೆಗೆ. ನಿಮ್ಮ ಊರನ್ನೇ ಯಾಕೆ ಹಿಂದೆ ಹಾಕುತ್ತೀರೆಂದು ಆಫೀಸಿನಲ್ಲಿ ಕೇಳಿದವರಿಗೆ ಅವರು ದಣಿದ ದನಿಯಲ್ಲಿ ಹೇಳಿದ್ದಿಷ್ಟು:

“ಮಾವನ ಮನೆಗೆ ಮೊದಲು ಕೊಟ್ಟೆ ಅಂದ್ರೆ, ಆಮೇಲೆ ಯಾವ ಊರಿಗೆ ಹೋದ್ರೂ ಜನ ಬಾಟಲಿ ನೋಡಲ್ಲ. ನನ್ನ ಮುಖ ನೋಡ್ತಾರೆ.”

ಮೂರನೆಯ ಸಲ ಸರದಿ ಬರುವಷ್ಟರಲ್ಲಿ ತೊಟ್ಟಿ ಕೊಡುತ್ತಿದ್ದವರು ಕೊಡುವುದನ್ನು ನಿಲ್ಲಿಸಿದ್ದರು.

ಹೀಗೆ ವರ್ಷಗಳು ಸಂದವು. ಅವರ ಸೇವೆಯ ಆ ಕಾಲವನ್ನು ಕುರಿತು ಹೇಳಬೇಕಾದ ಒಳಿತುಗಳು ಎಷ್ಟೋ ಇವೆ. ಹೊಸದಾಗಿ ಸೇರಿದವರು ದೋಣಿಯಲ್ಲಿ ವಾಂತಿ ಮಾಡಿಕೊಂಡು ಮಲಗಿದರೆ ಅವರ ಪಾಲಿನ ಬಾವಿಗಳನ್ನೂ ತಾವೇ ನೋಡಿ, ವರದಿಗೆ ಅವರ ಹೆಸರನ್ನೇ ಹಾಕುತ್ತಿದ್ದರು. ಕುದಿಸಿದ ನೀರಿಗೆ ಹೊಗೆಯ ವಾಸನೆ ಎಂದು ದೂರುವ ಮನೆಯಲ್ಲಿ ಮೊದಲ ಲೋಟವನ್ನು ತಾವು ಕುಡಿದು ತೋರಿಸುತ್ತಿದ್ದರು. ಚಂಡಮಾರುತದ ಅಲೆ ಊರೊಳಗೆ ನುಗ್ಗಿ ಬಾವಿಗಳೆಲ್ಲ ಉಪ್ಪಾದ ವರ್ಷ ಸೊಂಟದವರೆಗಿನ ನೀರಿಗೆ ಇಳಿದು, ಉಪ್ಪುನೀರು ತೋಡುವವರ ಸಾಲಿನಲ್ಲಿ ನಿಂತರು. ಆ ವರ್ಷದ ನಂತರ ಅವರ ಮಂಡಿ ಸರಿಹೋಗಲಿಲ್ಲ.

ನಿವೃತ್ತಿಯ ಬೀಳ್ಕೊಡುಗೆಯನ್ನು ಬಿಕೆರಾಯ್‌ನ ಚಾವಡಿಯಲ್ಲೇ ಮಾಡಬೇಕೆಂದು ಊರವರು ಹಟ ಹಿಡಿದರು. ಹೂವಿನ ಕಿರೀಟ, ಕುಣಿತ, ಹಂದಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ, ಎಲ್ಲವೂ ಆಯಿತು. ಇಲಾಖೆಯ ಮುಖ್ಯಸ್ಥರು ಮಾತಾಡಿ ಕೂತರು. ಆಗ ಬೌರೊ ಸೊಸೆಯ ಭುಜ ಹಿಡಿದು ಎದ್ದರು. ದೃಷ್ಟಿ ಮಂದವಾಗಿತ್ತು, ದನಿ ಮಂದವಾಗಿರಲಿಲ್ಲ.

“ನನ್ನದೊಂದು ಬುಬುಸಿ ಉಳಿದಿದೆ,” ಎಂದರು.

ತೊಟ್ಟಿ ಕೇಳುತ್ತಾರೆಂದು ಊರೆಲ್ಲ ಅಂದುಕೊಂಡಿತು. ಟೆಬೊರಾ ಅವರೂ ಹಾಗೆಯೇ ಅಂದುಕೊಂಡು, ಇನ್ನು ಯಾರ ಕಾಲು ಹಿಡಿದಾದರೂ ಒಂದು ತೊಟ್ಟಿ ತಂದುಕೊಟ್ಟೇನು ಎಂದು ಒಳಗೊಳಗೇ ಸಿದ್ಧರಾದರು.

“ನನ್ನ ಬಾವಿ ನನಗೆ ಕೊಡು.”

ಕೊಟ್ಟರೆ ಓಣಿಯ ಮಕ್ಕಳು ಮತ್ತೆ ಆ ನೀರು ಕುಡಿಯುತ್ತಾರೆ; ದುಡಿದ ಬದುಕೆಲ್ಲ ಒಂದು ಮಾತಿಗೆ ನೀರುಪಾಲು. ಕೊಡದಿದ್ದರೆ, ಇದೇ ಚಾವಡಿಯಲ್ಲಿ ಇದೇ ಬುಬುಸಿಯ ಬಲದಿಂದ ಪಡೆದವರು ತಮ್ಮ ಸರದಿ ಬಂದಾಗ ಬೆನ್ನು ತಿರುಗಿಸಿದಂತೆ. ಆಮೇಲೆ ಯಾವ ಅಡುಗೆ ಚಪ್ಪರದಲ್ಲೂ ಯಾವ ಹೆಂಗಸೂ ಅವರ ಬಟ್ಟೆಯೊಳಗಿನ ಬಾಟಲಿಯನ್ನು ನಂಬಳು. ಮುಖ್ಯಸ್ಥರು ಬಗ್ಗಿ, ಹೀಗೆ ಕೊಡುವುದಕ್ಕೆ ನಿಮಗೆ ಅಧಿಕಾರವಿದೆಯೇ ಎಂದು ಪಿಸುಗುಟ್ಟಿದರು. ಟೆಬೊರಾ ಅವರು ಹೂವಿನ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಮುಖ ನೋಡಿದವರಿಗೆ ಅಂದು ಕಂಡದ್ದು ಭಯವಲ್ಲ, ಬಹಳ ದೂರ ನಡೆದವರ ಆಯಾಸ.

“ತಗೋ ಮಾವ,” ಎಂದರು. ಸ್ವಲ್ಪ ತಡೆದು, “ಬಾಟಲಿ ಇಡ್ತೀನಿ. ಅದು ಹೇಳೋವರೆಗೆ ಯಾರೂ ಕುಡೀಬಾರದು. ಅಷ್ಟು ಕಾಯ್ತೀಯಾ?”

“ಇಷ್ಟು ವರ್ಷ ಕಾದಿಲ್ವೇನೇ?” ಎಂದರು ಬೌರೊ.

ಮರುದಿನ ಊರಿನ ಗಂಡಸರು ಸನ್ನೆಗೋಲು ಹಾಕಿ ಮುಚ್ಚಳ ಸರಿಸಿದರು. ಟೆಬೊರಾ ಅವರು ನೀರು ತುಂಬಿದ ಬಾಟಲಿಯನ್ನು ಮನೆಯ ಕಂಬಕ್ಕೆ, ಚಾಪೆಯ ಮೇಲೆ ಕೂತ ಮಾವನ ಕಣ್ಣಿನ ಎತ್ತರಕ್ಕೆ ಕಟ್ಟಿದರು. ಹಂದಿಗಳು ಹೋಗಿ ಎಷ್ಟೋ ಕಾಲವಾಗಿತ್ತು. ಸಾವಿರ ಬಾವಿಗಳ ನೀರನ್ನು ನಿರ್ವಿಕಾರವಾಗಿ ನೋಡಿದ್ದ ಅವರು ಒಂದು ಬಾಟಲಿ ತಿಳಿಯಾಗಿ ಉಳಿಯಲಿ ಎಂದು ಹಂಬಲಿಸಿದ್ದು ಅದೇ ಮೊದಲು. ಸುಮ್ಮನೆ ಹೋಗಿ ಹೋಗಿ ನೋಡಿ ಬರುತ್ತಿದ್ದರು. ಎರಡನೆಯ ದಿನ ತಳದಲ್ಲಿ ನೆರಳಿನಂಥದೇನೋ ಕಂಡಿತು. ಮೂರನೆಯ ದಿನ ಬೆಳಿಗ್ಗೆ ಅವರು ಚಪ್ಪರದಿಂದ ಏಳುವ ಮೊದಲೇ ಮಾವನ ದನಿ ಬಂತು.

“ಕಪ್ಪಾಯ್ತು.”

ಬೌರೊ ಆಗಲೇ ಬಾವಿಯ ಹತ್ತಿರ ಹೋಗಿ ಕೂತಿದ್ದರು. ಗಂಡಸರನ್ನು ಕರೆಸಿದರು. ಅವರು ಮುಚ್ಚಳಕ್ಕೆ ಸನ್ನೆಗೋಲು ಹಾಕಿದಾಗ ಅದರ ಅಂಚಿಗೆ ತಮ್ಮ ಎರಡೂ ಕೈ ಕೊಟ್ಟರು.

“ಅವತ್ತು ನೀನು ಮುಚ್ಚಿದೆ. ಕೊಟ್ಟ ಮೇಲೆ ನನ್ನದಲ್ಲವಲ್ಲ, ನೋಡೋಕೂ ಬರಲಿಲ್ಲ ನಾನು. ಇವತ್ತು ನನ್ನ ಬಾವಿ. ನಾನು ಮುಚ್ತಿದೀನಿ.” ಮುಚ್ಚಳ ಕೂತ ಮೇಲೆ ಕೈಯ ಮರಳು ಕೊಡವಿಕೊಂಡು, ತಮ್ಮ ಅಕ್ಕನ ಸಮಾಧಿಯ ಬಿಳಿಗಲ್ಲಿನ ಮೇಲೆ ಅಂಗೈ ಊರಿ ಎದ್ದರು. “ನಿಮ್ಮವ್ವಂದೇನೂ ತಪ್ಪಿಲ್ಲ ಅಂತ ಆಫೀಸಿನಲ್ಲಿ ಹೇಳಿಬಿಡು. ಇನ್ನು ನಿನಗೂ ನನಗೂ ಬಾಕಿ ಇಲ್ಲ.”

ಟೆಬೊರಾ ಅವರಿಗೆ ಅಳು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಮೇರೆ ಖಾಲಿ ಡಬ್ಬಗಳನ್ನು ಗಳುವಿಗೆ ಸಿಕ್ಕಿಸಿಕೊಂಡು ಬಡಗಣ ತುದಿಗೆ ಹೊರಟಿದ್ದಳು. ಗಳು ಕೂತು ಕೂತು ಅವಳ ಹೆಗಲಿನ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು. ಬಾವಿ ಕೊಟ್ಟವನು ಬೌರೊ ಎಂದು ಊರೆಲ್ಲ ಹೊಗಳಿತ್ತು. ಇಷ್ಟು ವರ್ಷ ಅದಕ್ಕೆ ತೆತ್ತವಳನ್ನು ಯಾರೂ ಕೇಳಿರಲಿಲ್ಲ. ಕೇಳಿ ಪಡೆದವರೂ ಕೇಳಿರಲಿಲ್ಲ.

“ಮೇರೆ,” ಎಂದು ಟೆಬೊರಾ ಅವರು ಕೂಗಿದರು. “ನೀನೂ ಒಂದು ಬುಬುಸಿ ಕೇಳು.”

ಮೇರೆ ನಿಂತು ನಕ್ಕಳು. “ನಿನ್ನ ಹತ್ರ ಕೊಡೋಕೆ ಇನ್ನೇನಿದೆ ಅಕ್ಕ? ಆಫೀಸು ಹೋಯ್ತು, ದೋಣಿ ಹೋಯ್ತು. ಮಂಡಿ ಮೊದಲೇ ಹೋಗಿತ್ತು.” ಒಂದು ಕ್ಷಣ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಹೆಗಲಿದೆ ಅನ್ಸತ್ತೆ. ಅದನ್ನ ಕೊಡು.”

ಅಂದಿನಿಂದ ಟೆಬೊರಾ ಅವರು ಬಿಕೆರಾಯ್‌ನಲ್ಲೇ ಇದ್ದಾರೆ. ಬೆಳಿಗ್ಗೆ ದೊಡ್ಡ ಡಬ್ಬವೊಂದನ್ನು ಗಳುವಿನ ನಡುವೆ ತೂಗಿಸಿ, ಹಿಂದಿನ ತುದಿಗೆ ಮೇರೆ, ಮುಂದಿನ ತುದಿಗೆ ಟೆಬೊರಾ ಅವರು, ಮಂಡಿ ನೋವಿನವರ ನಡಿಗೆಗೆ ತಕ್ಕಂತೆ ನಿಂತು ನಿಂತು ಬರುವುದನ್ನು ಅಲ್ಲಿಗೆ ಹೋದವರು ಕಾಣಬಹುದು. ಹಗಲು ಊರಿನ ಬಾವಿಗಳ ಸುತ್ತು. ಸಂಜೆ ಬಾಟಲಿ ತೊಳೆಯುವುದು.

ಅವರಿಗೆ ದೀರ್ಘಾಯುಷ್ಯವನ್ನು ಹಾರೈಸುವಾಗ ನಮ್ಮಂಥ ಕಿರಿಯರಿಗೆ ತುಸು ಸಂಕೋಚವಾಗುತ್ತದೆ. ಅವರ ಆಯುಷ್ಯದಲ್ಲಿ ಎಷ್ಟು ಪಾಲು ನಮ್ಮ ಬಾವಿಗಳಿಗೇ ಹೋಗಿದೆಯೆಂಬುದು ನಮಗೆ ಗೊತ್ತು. ಆದರೂ ಹಾರೈಸುತ್ತೇವೆ: ಅವರ ಕಣ್ಣು ಬಾಟಲಿಯ ಬಣ್ಣ ಗುರುತಿಸುವಷ್ಟು ಕಾಲ ನಿಚ್ಚಳವಾಗಿರಲಿ, ಮಂಡಿಗೆ ಬಡಗಣ ತುದಿಯ ದಾರಿ ಸವೆಸುವಷ್ಟು ಬಲವಿರಲಿ, ಮಳೆ ಹೊತ್ತಿಗೆ ಸರಿಯಾಗಿ ಬರಲಿ. ಬಿಕೆರಾಯ್‌ನ ತೊಟ್ಟಿಯ ಕಾಗದ ಇಲಾಖೆಯಲ್ಲಿ ಮತ್ತೆ ಮೇಜಿನ ಮೇಲೆ ಬಂದಿದೆ, ಇನ್ನೂ ತೊಟ್ಟಿ ಬಂದಿಲ್ಲ. ಅದು ಬಂದ ದಿನ ಅಕ್ಕನ ಹೆಗಲನ್ನು ಅಕ್ಕನಿಗೆ ವಾಪಸು ಕೊಡುತ್ತೇನೆಂದೂ, ಅಲ್ಲಿಯವರೆಗೆ ಕೊಡುವುದಿಲ್ಲವೆಂದೂ ಮೇರೆ ಆಫೀಸಿಗೆ ಹೇಳಿ ಕಳಿಸಿದ್ದಾಳೆ.